ಝೂಮ್ ಮಾಡಿ ನೋಡುವ ಗಿರಾಕಿಗಳು

ವಾರಕ್ಕೊಬ್ಬರಾದರೂ ಕೈಯಲ್ಲಿ ಮೊಬೈಲ್ ಹಿಡಿದುಕೊಂಡು ನನ್ನ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ, ಆ ಮೊಬೈಲಿನಲ್ಲಿ ಒಂದು ಫೋಟೋ ಇರುತ್ತದೆ, ಆ ಫೋಟೋದಿಂದ ನನಗೊಂದು ಫಜೀತಿ ಆಗಿಯೇ ತೀರುತ್ತದೆ. ನಾನು ನಿಪ್ಪಾಣಿಯಲ್ಲಿ ಲೇಡೀಸ್ ಟೇಲರ್. ಮೂವತ್ತು ವರ್ಷದಿಂದ ಬ್ಲೌಸು ಹೊಲಿಯುತ್ತಿದ್ದೇನೆ. ಉಳಿದವರು ಫೋಟೋದಲ್ಲಿ ಮುಖ ನೋಡುತ್ತಾರೆ, ನಾನು ತೋಳು ಹೇಗೆ ಕೂತಿದೆ ಎಂದು ನೋಡುತ್ತೇನೆ. ನಮ್ಮೂರಿನ ಎಷ್ಟೋ ಹೆಣ್ಣುಮಕ್ಕಳ ಮುಖ ನೋಡಿದರೆ ಹೆಸರು ನೆನಪಾಗುವುದಿಲ್ಲ. ಬ್ಲೌಸು ನೋಡಿದರೆ ಯಾರ ಮನೆಯವರು, ಯಾವ ಮದುವೆಗೆ ಹೊಲಿಸಿದ್ದು, ಎಷ್ಟು ಸಲ ಬಿಚ್ಚಿಸಿದ್ದು, ಎಲ್ಲ ಹೇಳಬಲ್ಲೆ.

ಈ ಆನ್‌ಲೈನ್ ಫೋಟೋದ ಉಸಾಬರಿಗೆ ನಾನಾಗಿ ಹೋದವನಲ್ಲ. ಹೋದ ವರ್ಷ ನನ್ನ ಅಂಗಡಿಯ ಎದುರಿಗೇ ಒಂದು ಬುಟಿಕ್ ಬಂತು. ಗಾಜಿನ ಬಾಗಿಲು, ಆಳೆತ್ತರದ ಕನ್ನಡಿ, ಅದರ ಪಕ್ಕದಲ್ಲಿ ಬಳೆಯ ಹಾಗೆ ದುಂಡಗೆ ಉರಿಯುವ ದೀಪ. ಹೊಲಿಸಿಕೊಂಡವರು ಆ ದೀಪದ ಮುಂದೆ ನಿಂತು ಫೋಟೋ ತೆಗೆದುಕೊಂಡು, ಅಲ್ಲಿಂದಲೇ ಊರಿಗೆಲ್ಲ ಹಂಚುತ್ತಾರೆ. ನನ್ನ ಗಿರಾಕಿಗಳು ಒಬ್ಬೊಬ್ಬರೇ ರಸ್ತೆ ದಾಟತೊಡಗಿದರು. ದಾಟುವಾಗ ನನ್ನ ಕಡೆ ನೋಡಬಾರದಲ್ಲ, ಅದಕ್ಕೆ ಬಾರದ ಬಸ್ಸಿಗೆ ಕಾದವರ ಹಾಗೆ ಆ ಕಡೆಗೇ ಮುಖ ತಿರುಗಿಸಿ ದಾಟುತ್ತಿದ್ದರು. ನನ್ನ ಹೊಟ್ಟೆ ಉರಿಯಿತು. ಉರಿಯದೆ ಏನಾಗುತ್ತದೆ? ಇದೇ ಅಂಗಡಿ ನಂಬಿ ಮನೆ ಕಟ್ಟಿದವನು, ಮಗಳ ಮದುವೆ ಮಾಡಿದವನು ನಾನು.

"ನೀವೂ ಫೋಟೋ ಹಾಕ್ರಿ, ಇಲ್ಲಂದ್ರ ಅಂಗಡಿಗೆ ಕೀಲಿ ಹಾಕ್ರಿ" ಅಂದಳು ಹೆಂಡತಿ. ಅವಳೇ ಮೊಬೈಲಿನಲ್ಲಿ ನನಗೊಂದು ಖಾತೆ ತೆರೆದುಕೊಟ್ಟಳು. ನನ್ನ ಮುಖ ಇರಬೇಕಾದ ಜಾಗದಲ್ಲಿ ಒಂದು ಗುಲಾಬಿ ಹೂವು ಹಾಕಿದಳು. ಯಾಕೆ ಅಂದರೆ, "ನಿಮ್ಮ ಮಾರಿ ನೋಡಿ ಇದ್ದ ಗಿರಾಕಿನೂ ಹೋದಾವು" ಅಂದಳು.

ಹಿಂದೆ ತಿರುಗಿ

ಮೊದಲ ಫಜೀತಿ ಕೊಗನೊಳ್ಳಿಯಿಂದ ಬಂತು. ಅಲ್ಲಿಯ ಒಬ್ಬ ಮದುಮಗಳ ಅಕ್ಕ ಒಂದು ಫೋಟೋ ತೋರಿಸಿ, "ಹಿಂಗ ಹೊಲದ ಕೊಡ್ರಿ" ಅಂದಳು. ಯಾರೋ ಗುರುತಿಲ್ಲದ ಹೆಂಗಸು, ಪೈಠಣಿ ಸೀರೆ, ಚಂದದ ಬ್ಲೌಸು.

"ಮುಂದ ಹಿಂಗ ಆತು. ಹಿಂದ ಹೆಂಗ ಐತ್ರಿ?" ಅಂದೆ.

"ಹಿಂದನೂ ಇದಕ್ಕ ತಕ್ಕಂಗ ಇರ್ತೈತಿ, ಹೊಲೀರಿ. ನಿಮಗ ಆಗೂದಿಲ್ಲಂದ್ರ ಎದರಿಗೆ ಕೇಳ್ತೀನಿ."

ಎದುರಿಗೆ ಅಂದ ಕೂಡಲೇ ಕೊರಳಿನ ಟೇಪು ಕೈಗೆ ತೆಗೆದುಕೊಂಡೆ. ಆಗುತ್ತದೆ ಅಂದುಬಿಟ್ಟೆ. ಆದರೆ ಬ್ಲೌಸಿನ ಅರ್ಧ ಮರ್ಯಾದೆ ಇರುವುದೇ ಬೆನ್ನಿನಲ್ಲಿ. ಅದನ್ನು ಊಹೆ ಮಾಡಿ ಹೊಲಿದು, ಮದುವೆ ಮನೆಯಲ್ಲಿ ಹೆಸರು ಕೆಡಿಸಿಕೊಳ್ಳುವುದು ಬೇಡ ಎಂದು, ಆ ಫೋಟೋ ಹುಡುಕಿ ಅದರ ಕೆಳಗೆ ನಾನೇ ಬಹಳ ಮರ್ಯಾದೆಯಿಂದ ಬರೆದೆ: "ನಮಸ್ಕಾರ. ಮುಂದಿಂದು ನೋಡಿದೆ, ಭಾಳ ಚಲೋ ಐತಿ. ದಯವಿಟ್ಟು ಹಿಂದ ತಿರುಗಿ ನಿಂತು ಒಂದು ಫೋಟೋ ಹಾಕ್ರಿ. ಅರ್ಜೆಂಟ್ ಐತಿ."

ನಾನು ಟೇಲರ್ ಎಂದು ಬರೆಯುವುದು ಮರೆತೇಹೋಗಿತ್ತು. ಪಕ್ಕದಲ್ಲಿ ಗುಲಾಬಿ ಹೂವು ಬೇರೆ.

ಒಂದು ತಾಸಿನೊಳಗೆ ಅಲ್ಲೇ ಕೆಳಗೆ ಆಕೆಯ ಗಂಡ ನನ್ನ ನಂಬರು ಕೇಳಿದ. ಯಾರೋ ಹೊಲಿಸುವವರಿರಬೇಕೆಂದು ಖುಷಿಯಿಂದ ಕೊಟ್ಟೆ. ಫೋನು ಬಂತು. ಮೊದಲು ಮರಾಠಿಯಲ್ಲಿ ಬೈದ, ನಾನು ಮರಾಠಿಯಲ್ಲೇ ಕ್ಷಮೆ ಕೇಳಿದೆ. ನನಗೆ ಸರಿಯಾಗಿ ನಾಟಲಿಲ್ಲ ಅನ್ನಿಸಿರಬೇಕು, ಆಮೇಲೆ ಕನ್ನಡದಲ್ಲಿ ಬೈದ. ಅವನ ತಾಯಿಯ ತವರು ನಮ್ಮ ಕಡೆಯದಂತೆ. ಹೊಲಿಗೆ ಮಷೀನಿನ ಮುಂದೆ ಫೋನು ಹಿಡಿದು, ತುಳಿದು, ಸದ್ದು ಕೇಳಿಸಿದ ಮೇಲೆ ನಂಬಿದ.

ನಂಬಿದ ಮೇಲೆ ದನಿ ತಗ್ಗಿತು. "ಟೇಲರ್ ಅದೀರಿ ಅಂದ್ರ ಒಂದ್ ಮಾತು ಹೇಳ್ರಿ. ಇಂಥಾ ಒಂದು ಬ್ಲೌಸ್ ಹೊಲ್ಯಾಕ ಎಷ್ಟ ದಿನ ಬೇಕು?"

"ಎರಡ ದಿನ ಭಾಳ ಆತ್ರಿ."

"ಇದನ್ನ ಹೊಲಿಸ್ಕೊಂಡ ಬರ್ತೀನಿ ಅಂತ ತವರಮನಿಗೆ ಹೋದಾಕಿ ಇಪ್ಪತ್ತ ದಿನ ಬಿಟ್ಟ ಬಂದಾಳ್ರಿ" ಅಂದ. ಅವನು ಫೋನು ಕಟ್ ಮಾಡುವುದನ್ನೂ ಮರೆತು ಹೆಂಡತಿಯನ್ನು ಕೂಗುವುದು ನನಗೆ ಕೇಳಿಸುತ್ತಲೇ ಇತ್ತು. ಬೆನ್ನಿನ ಫೋಟೋ ಬರಲಿಲ್ಲ. ಮರುದಿನ ಆಕೆ ನನ್ನನ್ನು ಬ್ಲಾಕ್ ಮಾಡಿದ್ದಳು.

ಚೌಕಟ್ಟಿನ ಸೊಂಟ

ಕಾಗವಾಡದ ಕಡೆ ಒಬ್ಬ ಗಿರಾಕಿ ಇದ್ದಾರೆ. ದ್ರಾಕ್ಷಿ ತೋಟದವರು. ಔಷಧಿ ಹೊಡೆಯುವ ದಿನಗಳಲ್ಲಿ ಅವರಿಗೆ ತೋಟ ಬಿಟ್ಟು ಬರಲಾಗುವುದಿಲ್ಲ. ಬಟ್ಟೆಯನ್ನು ಬಸ್ಸಿಗೆ ಹಾಕಿ, ಮೊಬೈಲಿಗೆ ಒಂದು ಫೋಟೋ ಕಳಿಸಿದರು. ಅದೇ ವಾರ ತಮ್ಮ ಸ್ಟೇಟಸ್ಸಿಗೂ ಹಾಕಿಕೊಂಡಿದ್ದ ಫೋಟೋ.

"ಮೊದಲಿನ ಅಳತಿ ಹಿಡೀಬ್ಯಾಡ್ರಿ. ನಾ ಈಗ ಭಾಳ ಇಳದೇನಿ. ಫೋಟೋ ನೋಡೇ ಹೊಲೀರಿ" ಎಂದು ಸಂದೇಶ.

ಫೋಟೋದಲ್ಲಿ ಸೊಂಟ ಒಂದು ಹಿಡಿಯಷ್ಟಿತ್ತು. ನನ್ನ ಅಳತೆ ಪುಸ್ತಕ ತೆಗೆದು ನೋಡಿದೆ, ಫೋಟೋ ನೋಡಿದೆ. ಆರು ತಿಂಗಳಲ್ಲಿ ಇಷ್ಟು ಇಳಿಯಬೇಕಾದರೆ ಮನುಷ್ಯ ಆಸ್ಪತ್ರೆಯಲ್ಲಿರಬೇಕು. ದೊಡ್ಡದು ಮಾಡಿ ನೋಡಿದಾಗ ಗುಟ್ಟು ತಿಳಿಯಿತು. ಅವರ ಸೊಂಟದ ಪಕ್ಕಕ್ಕೆ ಬಾಗಿಲ ಚೌಕಟ್ಟಿತ್ತಲ್ಲ, ಸೊಂಟದ ಜೊತೆ ಅದೂ ಒಳಗೆ ಹೋಗಿತ್ತು. ಸಾಗವಾನಿ ಚೌಕಟ್ಟಿಗೆ ಸೊಂಟ ಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಫೋಟೋ ನಂಬಿ ಹೊಲಿದರೆ ಬ್ಲೌಸಿನ ಹುಕ್ಕು ಕೂಡುವುದಿಲ್ಲ, ನಂಬದಿದ್ದರೆ ಗಿರಾಕಿ ಎದುರಿನ ಮೆಟ್ಟಿಲು ಹತ್ತುತ್ತಾರೆ. ಸೊಂಟದ ಮಾತು ತೆಗೆಯುವಷ್ಟು ಧೈರ್ಯ ನನಗಿಲ್ಲ. ಅದಕ್ಕೆ ಇಷ್ಟೇ ಬರೆದೆ: "ಅಕ್ಕಾರ, ನಿಮ್ಮ ಬಾಗಲಾ ಚೌಕಟ್ಟು ಡೊಂಕ ಆದಂಗ ಕಾಣತೈತಿ. ಬಡಿಗ್ಯಾರನ್ನ ಕರಸ್ರಿ."

ಸಂಜೆ ಉತ್ತರ ಬಂತು, ಅವರ ಯಜಮಾನರ ದನಿಯಲ್ಲಿ. ಮೆಲ್ಲಗೆ, ತೋಟದ ಮೂಲೆಗೆ ಹೋಗಿ ಮಾತಾಡಿದ ಹಾಗಿತ್ತು. "ಟೇಲರ್ ಸಾಹೇಬ್ರ, ಬಾಗಲಾ ಇದ್ದಂಗ ಐತಿ. ಮನಿಯವ್ರೂ ಇದ್ದಂಗ ಅದಾರ. ನೀವು ಮೊದಲಿನ ಅಳತಿಗೆ ಇನ್ನೊಂದ ಎರಡ ಬೊಟ್ಟು ಸಡ್ಲ ಬಿಟ್ಟ ಹೊಲದ ಬಿಡ್ರಿ. ಫೋಟೋ ನೋಡೇ ಹೊಲದೇನಿ ಅಂತ ಹೇಳ್ರಿ."

ಹಾಗೇ ಮಾಡಿದೆ. ಎಷ್ಟು ಸರಿಯಾಗಿ ಕೂತಿತು ಅಂದರೆ, ಫೋಟೋ ನೋಡಿ ಅಳತೆ ಹಿಡಿಯುವ ಟೇಲರ್ ಎಂದು ಕಾಗವಾಡದಲ್ಲಿ ನನ್ನ ಹೆಸರಾಗಿದೆ. ಈಗ ಆ ಊರಿನಿಂದ ಯಾರೂ ಅಳತೆ ಕೊಡಲು ಬರುವುದಿಲ್ಲ, ಬರೀ ಚೌಕಟ್ಟುಗಳು ಬರುತ್ತವೆ.

ಗೊಂಬೆಗೆ ಬಂದ ಸಂಬಂಧ

ಬ್ಲೌಸುಗಳನ್ನು ಹ್ಯಾಂಗರಿಗೆ ಹಾಕಿ ಫೋಟೋ ಹಾಕಿದರೆ ಯಾರೂ ನೋಡುತ್ತಿರಲಿಲ್ಲ. ಮಿರಜಿನಿಂದ ಒಂದು ಹಳೆಯ ಗೊಂಬೆ ತಂದೆ. ಅದಕ್ಕೆ ತಲೆ ಇರಲಿಲ್ಲ. ಬ್ಲೌಸಿಗೆ ತಲೆ ಯಾಕೆ ಬೇಕು? ಹೆಂಡತಿ ಅದಕ್ಕೊಂದು ಹಸಿರು ಇಲಕಲ್ ಸೀರೆ ಉಡಿಸಿ, ಸೆರಗು ಹೊದಿಸಿ, ಕೈಗೆ ಬಳೆ ಇಟ್ಟಳು. ಕೊರಳಿನಿಂದ ಕೆಳಗೆ ಫೋಟೋ ತೆಗೆದು ಹಾಕಿದೆವು.

ಮೂರನೆಯ ದಿನ ರಾಯಬಾಗದ ಕಡೆಯಿಂದ ಒಬ್ಬ ಹಿರಿಯರ ಫೋನು. "ಫೋಟೋ ನೋಡಿದ್ವಿರಿ. ಹುಡಗಿ ನೆಟ್ಟಗ ನಿಂತಾಳ, ಸೆರಗ ಹೊದ್ದಾಳ, ಮನಸಿಗೆ ಬಂತು. ಮಾರಿ ಅಷ್ಟ ಕಾಣವಲ್ದು. ಪೂರ್ತಿ ಫೋಟೋ ಒಂದ ಕಳಸ್ರಿ. ನಮ್ಮ ಹುಡುಗಗ ಎರಡ ವರ್ಷ ಆತು ಕನ್ಯಾ ನೋಡಾಕತ್ತೇವಿ. ನಾಕ ಎಕರೆ ಕಬ್ಬ ಐತಿ, ನೀರಿಂದ ಚಿಂತಿಲ್ಲ, ಚಟ ಒಂದೂ ಇಲ್ಲ."

ನಾನು ಇದ್ದದ್ದು ಹೇಳಿದೆ. "ಯಜಮಾನ್ರ, ತಪ್ಪ ತಿಳ್ಕೋಬ್ಯಾಡ್ರಿ. ಅದು ಹುಡಗಿ ಅಲ್ರಿ, ಅಂಗಡ್ಯಾಗಿನ ಗೊಂಬಿ. ತಲಿನ ಇಲ್ಲ ಅದಕ್ಕ."

ಅವರು ಒಂದು ನಿಟ್ಟುಸಿರು ಬಿಟ್ಟರು.

"ಹೋಗ್ಲಿ ಬಿಡ್ರಿ" ಅಂದರು. "ಈ ಎರಡ ವರ್ಷದಾಗ ನೋಡಿದವರೊಳಗ, ಒಕ್ಕಲತನದ ಹುಡುಗ ಬ್ಯಾಡ ಅನ್ನದಾಕಿ ಇಕಿ ಒಬ್ಬಾಕಿನ."

ಕುಂಚಿಗೆ

ಇಷ್ಟೆಲ್ಲ ಮಾಡಿದರೂ ಅಂಗಡಿ ಮೇಲೇಳಲಿಲ್ಲ. ಎದುರಿಗೆ ದೀಪ ಉರಿಯುತ್ತಲೇ ಇತ್ತು. ಇನ್ನೊಂದು ವರ್ಷ ಹೀಗೇ ಹೋದರೆ ಮಷೀನು ಮಾರಬೇಕು ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಿದ್ದೆ. ಅಂಥ ಹೊತ್ತಿನಲ್ಲಿ ಮಗಳು ಹಡೆದಳು. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನಕ್ಕೆ ಅಜ್ಜ ಏನಾದರೂ ಹೊಲಿಯಬೇಡವೇ? ಒಂದು ಕುಂಚಿಗೆ ಹೊಲಿದೆ. ಕೂಸಿನ ತಲೆಗೆ ಟೊಪ್ಪಿಗೆಯಾಗಿ ಕೂತು ಬೆನ್ನಿನ ಮೇಲೆ ಇಳಿಬೀಳುತ್ತದಲ್ಲ, ಅದು. ನೇರಳೆ ರೇಷ್ಮೆ, ಕೆಂಪು ಖಣ, ಬುಟ್ಟಾ ಇರುವ ಹಳದಿ, ಜರಿ ಅಂಚು, ಹೀಗೆ ಹದಿನಾಲ್ಕು ತುಂಡು ಕೂಡಿಸಿ ಹೊಲಿದದ್ದು. ಮೂವತ್ತು ವರ್ಷದಲ್ಲಿ ಅಷ್ಟು ಚಂದದ ಕೆಲಸ ನಾನು ಮಾಡಿರಲಿಲ್ಲ.

ಆ ತುಂಡುಗಳು ಎಲ್ಲಿಂದ ಬಂದವು ಎಂದು ಕೇಳುತ್ತೀರಿ. ಹೇಳುತ್ತೇನೆ, ಈಗ ಮುಚ್ಚಿಡಲು ಉಳಿದದ್ದೇನೂ ಇಲ್ಲ. ಪ್ರತಿ ಟೇಲರಿಗೂ ಒಂದು ಮಾತು ಬಾಯಿಪಾಠ ಇರುತ್ತದೆ. ನನ್ನದು, "ಬಟ್ಟಿ ಸಾಲಲಿಲ್ರಿ, ತೋಳು ಒಂದ ಬೊಟ್ಟು ಸಣ್ಣ ಮಾಡೇನಿ." ಆ ಒಂದೊಂದು ಬೊಟ್ಟು ಮಷೀನಿನ ಕೆಳಗಿನ ಪೆಟ್ಟಿಗೆಯಲ್ಲಿ ಕೂಡುತ್ತ ಬಂದಿತ್ತು.

ಹೆಂಡತಿ ಕೂಸಿಗೆ ಕುಂಚಿಗೆ ಹಾಕಿ, ಹಿಂದೆ ಮುಂದೆ ಎರಡೂ ಕಡೆಯಿಂದ ಫೋಟೋ ತೆಗೆದು, ನನಗೆ ಒಂದು ಮಾತೂ ಹೇಳದೆ ಅಂಗಡಿಯ ಖಾತೆಗೆ ಹಾಕಿಬಿಟ್ಟಳು. ಕೆಳಗೆ ಬರೆದಿದ್ದಳು: "ಅಜ್ಜ ಅಂಗಡಿಯಲ್ಲಿ ಉಳಿದ ಬಟ್ಟೆಯಲ್ಲಿ ಮೊಮ್ಮಗಳಿಗೆ ಹೊಲಿದದ್ದು."

ಉಳಿದ ಬಟ್ಟೆ. ಮೂವತ್ತು ವರ್ಷ ನಾನು ಉಳಿಯಲೇ ಇಲ್ಲ ಎಂದು ಹೇಳಿದ ಬಟ್ಟೆ.

ಮರುದಿನ ಅಂಗಡಿ ತೆಗೆಯುವಷ್ಟರಲ್ಲಿ ಬೇಡಕಿಹಾಳದ ಟೀಚರಮ್ಮ ಮೆಟ್ಟಿಲ ಮೇಲೆ ನಿಂತಿದ್ದರು. ಎರಡು ಬೆರಳಿನಿಂದ ಫೋಟೋ ಅಗಲ ಮಾಡಿ ನನ್ನ ಮೂಗಿಗೆ ಹಿಡಿದರು. "ಈ ನೇರಳೆ ಯಾರದು?"

"ಒಂದ್ ಚೂರು ಇತ್ತರಿ..."

"ಚೂರು? ನೆತ್ತಿ ತುಂಬ ಐತಿ. ನಾ ಮೊಣಕೈ ಮಟ ತೋಳು ಕೇಳಿದ್ದೆ, ಸಾಲಲಿಲ್ಲ ಅಂದ್ರಿ."

ಅಷ್ಟರಲ್ಲಿ ಇನ್ನಿಬ್ಬರು ಬಂದರು. ನಮ್ಮೂರಿನಿಂದ ಅಥಣಿಗೆ ಮದುವೆ ಮಾಡಿಕೊಟ್ಟ ಹುಡುಗಿಯೊಬ್ಬಳು ವಿಡಿಯೋ ಕಾಲ್ ಮಾಡಿದಳು. "ಅಣ್ಣಾ, ಕೂಸಿನ ಎಡಗಿವಿ ಮ್ಯಾಲ ಇರೂದು ನನ್ನ ಮದುವಿ ಬ್ಲೌಸ್ ಅಲ್ಲೇನು?" ಹನ್ನೊಂದು ಗಂಟೆಗೆ ಅಂಗಡಿಯಲ್ಲಿ ಕೂರಲು ಜಾಗ ಇರಲಿಲ್ಲ. ಒಂದು ವರ್ಷದಿಂದ ಇಷ್ಟು ಜನ ಬಂದಿರಲಿಲ್ಲ. ರಸ್ತೆ ದಾಟಿ ಹೋದವರೂ ವಾಪಸು ದಾಟಿ ಬಂದಿದ್ದರು. ಎದುರಿನ ಗಾಜಿನ ಬಾಗಿಲು ತೆರೆದುಕೊಂಡು ಬುಟಿಕ್‌ನವರು ನೋಡುತ್ತಿದ್ದರು. ಮುಗಿಯಿತು, ಇವತ್ತೇ ಅಂಗಡಿಯ ಕೊನೆಯ ದಿನ ಎಂದುಕೊಂಡೆ. ನಾಚಿಕೆಯಿಂದ ಕತ್ತು ಎತ್ತಲಾಗಲಿಲ್ಲ.

ಗದ್ದಲ ಕೇಳಿ ಹೆಂಡತಿ ಮನೆಯಿಂದ ಬಂದಳು. ಬರುವಾಗ ಕೂಸನ್ನೂ ಎತ್ತಿಕೊಂಡು ಬಂದಳು, ಕುಂಚಿಗೆ ಸಮೇತ. ಕದ್ದ ಮಾಲನ್ನು ಹೀಗೆ ತಾನಾಗಿ ಹೊತ್ತು ತಂದವರನ್ನು ನಾನು ಕಂಡಿಲ್ಲ.

ಟೀಚರಮ್ಮ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಮ್ಮ ನೇರಳೆಯನ್ನು ಬೆರಳಿನಿಂದ ಸವರಿದರು. ಕೂಸು ಆ ಬೆರಳನ್ನೇ ಹಿಡಿದುಕೊಂಡಿತು. ಕೂಸನ್ನು ಹಿಡಿದುಕೊಂಡು ಬೈಯುವುದು ಯಾರಿಂದಲೂ ಆಗುವುದಿಲ್ಲ, ಅವರಿಂದಲೂ ಆಗಲಿಲ್ಲ. ಕೂಸು ತೊಡೆಯಿಂದ ತೊಡೆಗೆ ಹೋಯಿತು. ಒಬ್ಬೊಬ್ಬರೂ ತಮ್ಮ ತುಂಡು ಕಾಣುವ ಹಾಗೆ ಕೂಸನ್ನು ತಿರುಗಿಸಿ ಫೋಟೋ ತೆಗೆದುಕೊಂಡರು. ಸಂಜೆಗೆ ಎಲ್ಲರ ಸ್ಟೇಟಸ್ಸಿನಲ್ಲೂ ನನ್ನ ಮೊಮ್ಮಗಳೇ. "ಇದರಾಗ ನಮ್ಮದೂ ಐತಿ" ಎಂದು ಕೆಳಗೆ ಬರೆದಿದ್ದರು. ಇಬ್ಬರು ತಮ್ಮ ಮೊಮ್ಮಕ್ಕಳಿಗೂ ಅಂಥದೇ ಬೇಕೆಂದು ಹೇಳಿಹೋದರು.

ಮರುದಿನ ಚಿಕ್ಕೋಡಿಯ ನರ್ಸಮ್ಮ ಬಂದರು. ರಿಟೈರ್ ಆದವರು, ನನ್ನ ಅತಿ ಹಳೆಯ ಗಿರಾಕಿ, ಒಮ್ಮೆಯೂ ರಸ್ತೆ ದಾಟದವರು. ಮುಖ ಗಂಟಿಕ್ಕಿತ್ತು. ಮೊಬೈಲನ್ನು ಮೇಜಿನ ಮೇಲೆ ಇಟ್ಟರು. ನಾನು ಕೈಮುಗಿದು, "ತಪ್ಪಾತ್ರಿ ಅಕ್ಕಾರ" ಅಂದೆ.

"ತಪ್ಪಾಗದ ಏನು. ಹದಿನಾಕೂ ತುಂಡು ದೊಡ್ಡದ ಮಾಡಿ ಮಾಡಿ ನೋಡೇನಿ" ಅಂದರು. "ಟೀಚರದು ಐತಿ, ನಿನ್ನೆ ಮೊನ್ನೆ ಬಂದವರದು ಐತಿ. ನಂದೆಲ್ಲಿ? ಈ ಕೂಸಿನ ತಾಯಿಗೆ ಮೊದಲ ಸೂಜಿ ಚುಚ್ಚಿದಾಕಿ ನಾನು. ನನ್ನ ಬಟ್ಟಿ ನಿನ್ನ ಮೊಮ್ಮಗಳ ತಲಿಗೆ ಹತ್ತೂದಿಲ್ಲೇನು?"

ಅವರ ಕಣ್ಣು ನಿಜವಾಗಿ ತುಂಬಿತ್ತು. ಇನ್ನು ಸುಳ್ಳು ಹೇಳುವುದು ಬೇಡ ಎಂದು ಬಾಯಿಬಿಟ್ಟೆ. "ಅಕ್ಕಾರ, ನೀವು ಯಾವತ್ತೂ ಅಳದ ಸುರದ ತರ್ತೀರಿ. ನಿಮ್ಮೊಬ್ಬರ ಬಟ್ಟಿ ಖರೇನ ಸಾಲತಿರಲಿಲ್ರಿ."

ಮೊಬೈಲು ಎತ್ತಿಕೊಂಡು ಮೆಟ್ಟಿಲು ಇಳಿದು ಹೋದರು. ಮೂವತ್ತು ವರ್ಷದಲ್ಲಿ ಒಂದೇ ಒಂದು ನಿಜ ಹೇಳಿ ಒಳ್ಳೆಯ ಗಿರಾಕಿಯನ್ನು ಕಳೆದುಕೊಂಡೆ ಎಂದು ತಲೆಯ ಮೇಲೆ ಕೈ ಹೊತ್ತು ಕೂತೆ. ಕಾಲು ತಾಸಿನಲ್ಲಿ ವಾಪಸು ಬಂದರು. ಮೂಲೆಯ ಅಂಗಡಿಯಿಂದ ತಂದ, ಎರಡು ಬ್ಲೌಸಿಗೆ ಆಗುವಷ್ಟು, ಎರಡು ಮೀಟರು ಹಸಿರು ಖಣವನ್ನು ಮೇಜಿನ ಮೇಲೆ ಕುಕ್ಕಿದರು.

"ಒಂದ ಬ್ಲೌಸ್ ಹೊಲಿ. ಎಂಟ ದಿನ ಬಿಟ್ಟ ಬರ್ತೀನಿ" ಅಂದರು. "ಬಂದಾಗ ಬಟ್ಟಿ ಸಾಲಲಿಲ್ಲ ಅನ್ನಲಿಲ್ಲಂದ್ರ ನೋಡ ಮತ್ತ."