ನಮ್ಮ ವಂಶದ ಉಸಿರು

ನಮ್ಮ ವಂಶದ ಶ್ವಾಸಕೋಶಗಳ ಬಗ್ಗೆ ಇದುವರೆಗೆ ಯಾರೂ ಚಕಾರ ಎತ್ತಿದವರಿಲ್ಲ. ನಾನು ಶಾಲೆಯಲ್ಲಿ ವ್ಯಾಯಾಮದ ಮೇಷ್ಟ್ರು, ಕೊರಳಲ್ಲಿ ಸದಾ ಸೀಟಿ. ಒಮ್ಮೆ ಊದಿದೆನೆಂದರೆ ಮೈದಾನದ ಮಕ್ಕಳ ಜೊತೆಗೆ ಆಚೆ ರಸ್ತೆಯ ಬಸ್ಸೂ ನಿಲ್ಲುತ್ತದೆ. (ಡ್ರೈವರ್ ಬೈಯುತ್ತಾನೆ, ಅದು ಬೇರೆ ಮಾತು.) ಇತ್ತೀಚೆಗೆ ಮಕ್ಕಳನ್ನು ಓಡಿಸಿ ನಾನು ಕುರ್ಚಿಯಲ್ಲಿ ಕೂತು ಮಾರ್ಗದರ್ಶನ ಮಾಡುತ್ತೇನೆ, ಚಳಿಗಾಲದಲ್ಲಿ ಒಂದಿಷ್ಟು ಕೆಮ್ಮುತ್ತೇನೆ. ಕೆಮ್ಮು ಮೈದಾನದಲ್ಲಿ ಗೆರೆ ಎಳೆಯುವ ಸುಣ್ಣದ ಪುಡಿಯದು. ಇಂಥವನ ಮಗಳಿಗೆ ಅಸ್ತಮಾ ಎಂದರೆ ಹೇಗೆ ಸಹಿಸಲಿ, ನೀವೇ ಹೇಳಿ!

ಮಗಳಿಗೆ ಆರು ವರ್ಷ. ಒಂದೂವರೆ ತಿಂಗಳು ಮೊದಲೇ ಭೂಮಿಗೆ ಹೊರಟು ಬಂದವಳಾದ್ದರಿಂದ ಮನೆಯಲ್ಲಿ ಎಲ್ಲರೂ ಅವಳನ್ನು ಅರ್ಜೆಂಟಮ್ಮ ಎನ್ನುತ್ತೇವೆ. ಅವಳಿಗೆ ನಡೆದು ಗೊತ್ತಿಲ್ಲ, ಏನಿದ್ದರೂ ಓಟವೇ. ಆದರೆ ಕೆಲವು ತಿಂಗಳಿಂದ ಓಡಿದರೆ ಸಾಕು, ಎದೆಯೊಳಗೆ ಸುಂಯ್ ಸುಂಯ್ ಶಬ್ದ. ಮೆಟ್ಟಿಲ ಮೇಲೆ ಕೂತು, ಬಾಯಿ ತೆರೆದು ಉಸಿರೆಳೆಯುತ್ತಾ, ಬೇರೆ ಮಕ್ಕಳು ಆಡುವುದನ್ನು ನೋಡುತ್ತಿದ್ದಳು.

ಮಕ್ಕಳ ಡಾಕ್ಟರಮ್ಮ ಅವಳ ಎದೆ ಪರೀಕ್ಷಿಸಿ, ನನ್ನ ಹೆಂಡತಿಯತ್ತ ತಿರುಗಿ ಒಂದೊಂದೇ ಪ್ರಶ್ನೆ ಕೇಳಿದರು. ಗರ್ಭ ತಾನಾಗಿ ನಿಂತಿತೋ, ಚಿಕಿತ್ಸೆಯಿಂದಲೋ? ಚಿಕಿತ್ಸೆಯಿಂದ, ಪ್ರನಾಳ ಶಿಶು. ದಿನ ತುಂಬುವ ಮೊದಲೇ ಹೆರಿಗೆಯೇ? ಹೌದು. ಆಪರೇಷನ್ನೇ? ಹೌದು. ತೂಕ ಕಡಿಮೆಯೇ? ಹೌದು. ಪ್ರತಿ ಉತ್ತರಕ್ಕೂ ಹೆಂಡತಿಯ ದನಿ ಇನ್ನಷ್ಟು ಇಳಿಯಿತು. ಇವೆಲ್ಲ ಅಸ್ತಮಾ ಬರುವ ಸಾಧ್ಯತೆಯನ್ನು ತುಸು ಹೆಚ್ಚಿಸಬಹುದು, ಆದರೆ ಹಾಗೆ ಹುಟ್ಟಿದ ಎಷ್ಟೋ ಮಕ್ಕಳಿಗೆ ಏನೂ ಆಗುವುದಿಲ್ಲ ಎಂದರು ಡಾಕ್ಟರಮ್ಮ. ಎರಡೂ ಮನೆಗಳಲ್ಲಿ ಯಾರಿಗಾದರೂ ಉಬ್ಬಸವಿತ್ತೇ ಎಂದು ವಿಚಾರಿಸಿಕೊಂಡು ಮುಂದಿನ ವಾರ ಬನ್ನಿ ಎಂದು ಔಷಧಿ ಕೊಟ್ಟು ಕಳಿಸಿದರು.

ಹೆಂಡತಿ ಆ ಮಾತಿನ ಮೊದಲರ್ಧ ಮಾತ್ರ ಕೇಳಿಸಿಕೊಂಡಿದ್ದಳು. ಅವಳು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಅಂದು ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕೂತವಳು ಬಾಯಿ ಬಿಡಲಿಲ್ಲ. (ಮದುವೆಯಾದಾಗಿನಿಂದ ನಾನು ಹಂಬಲಿಸಿದ್ದ ಮೌನ ಅದು. ಸಿಕ್ಕಾಗ ಅರ್ಧ ದಿನವೂ ತಡೆದುಕೊಳ್ಳಲಾಗಲಿಲ್ಲ.) ಪೀಡಿಸಿ ಪೀಡಿಸಿ ಕೇಳಿದ ಮೇಲೆ ಸೂಜಿ ತೆಗೆದಳು.

"ಎಲ್ಲಾ ನನ್ನಿಂದಾನೇ ಕಣ್ರೀ. ತಾನಾಗಿ ಬಸುರಾಗೋಕೂ ಆಗ್ಲಿಲ್ಲ, ದಿನ ತುಂಬೋವರೆಗೂ ಹೊಟ್ಟೇಲಿ ಇಟ್ಕೊಳ್ಳೋಕೂ ಆಗ್ಲಿಲ್ಲ."

ನಾನು ಸಮಾಧಾನ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಒಳಕೋಣೆಯಿಂದ ನನ್ನ ಅಮ್ಮ, "ನಮ್ಮ ಕಡೆಯಂತೂ ಯಾರಿಗೂ ಉಬ್ಬಸ ಇಲ್ಲಪ್ಪ" ಎಂದರು. ಹೆಂಡತಿ ಸೂಜಿಗಳನ್ನು ಮತ್ತೆ ತುಟಿಗೆ ಸೇರಿಸಿದಳು.

ಅಮ್ಮನ ಮಾತಿನಿಂದಲೇ ನನಗೊಂದು ಮಹೋನ್ನತ ಉಪಾಯ ಹೊಳೆಯಿತು! ಈ ಕಾಯಿಲೆ ಹೆರಿಗೆಯಿಂದ ಬಂದದ್ದಲ್ಲ, ರಕ್ತದಲ್ಲಿ ಬಂದದ್ದು ಎಂದು ಸಾಬೀತಾದರೆ ಹೆಂಡತಿಯ ಕೊರಗು ಮುಗಿಯಿತು. ನಮ್ಮ ರಕ್ತವಂತೂ ಶುದ್ಧ. ಉಳಿದದ್ದು ಯಾರ ರಕ್ತ? ಅತ್ತೆಯವರದು! ನಾಲ್ಕು ಮೆಟ್ಟಿಲು ಹತ್ತಿದರೆ "ಉಸ್ಸಪ್ಪಾ" ಎಂದು ಕೂರುವವರು ಅವರಲ್ಲದೆ ಇನ್ಯಾರು? ಹೆಂಡತಿಗೆ ಬಿಡುಗಡೆ, ಅತ್ತೆಗೆ ಶಿಕ್ಷೆ. ಒಬ್ಬ ಅಳಿಯನಿಗೆ ಇದಕ್ಕಿಂತ ಧನ್ಯತೆ ಉಂಟೇ? ಆ ವಾರವೆಲ್ಲ ನಾನು ನೆಲದ ಮೇಲೆ ನಡೆಯಲಿಲ್ಲ.

ಡಾಕ್ಟರಮ್ಮ ಮನೆಯವರ ವಿವರ ತನ್ನಿ ಎಂದಿದ್ದರು. ನಾನು ಮನೆಯವರನ್ನೇ ಕರೆದುಕೊಂಡು ಹೋದೆ. ಅಮ್ಮ, ಅತ್ತೆ, ಹೆಂಡತಿ, ಅರ್ಜೆಂಟಮ್ಮ, ಎಲ್ಲರನ್ನೂ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ ಒಳಗೆ ನಡೆಸಿದೆ. ನರ್ಸಮ್ಮ ಇಷ್ಟೊಂದು ಕುರ್ಚಿ ಇಲ್ಲ ಎಂದರು. ನಿಂತರೆ ಉಸಿರಾಟ ಸಲೀಸು ಎಂದು ಅವರಿಗೂ ಸ್ವಲ್ಪ ಮಾರ್ಗದರ್ಶನ ಮಾಡಿದೆ.

ಡಾಕ್ಟರಮ್ಮನ ಮೇಜಿನ ಮೇಲೆ ಉಸಿರಿನ ಬಲ ಅಳೆಯುವ ಒಂದು ಕೊಳವೆ ಇತ್ತು. ಜೋರಾಗಿ ಊದಿದಷ್ಟೂ ಅದರ ಕೆಂಪು ಮುಳ್ಳು ಮುಂದೆ ಸರಿಯುತ್ತದೆ. ಎಲ್ಲರ ಕೈಯಲ್ಲೂ ಊದಿಸಿ ಎಂದು ನಾನು ಪಟ್ಟು ಹಿಡಿದೆ. ನನ್ನ ಕಾಟ ತಾಳಲಾರದೆ ಅವರು ಒಪ್ಪಿ, ಒಬ್ಬೊಬ್ಬರಿಗೂ ಹೊಸ ಕಾಗದದ ತುದಿ ಸಿಕ್ಕಿಸಿಕೊಟ್ಟರು.

ಮೊದಲು ಆರೋಪಿ, ಅಂದರೆ ಅತ್ತೆ. ಅವರು ಸೆರಗು ಸರಿಪಡಿಸಿಕೊಂಡು ಒಮ್ಮೆ ಊದಿದರು ನೋಡಿ, ಮುಳ್ಳು ಸರ್ರನೆ ಓಡಿತು. ಈ ವಯಸ್ಸಿಗೆ ಬಹಳ ಚೆನ್ನಾಗಿದೆ, ಮೆಟ್ಟಿಲು ಹತ್ತುವಾಗ ತೊಂದರೆಯಾದರೆ ಅದು ಮಂಡಿಯದಿರಬೇಕು ಎಂದರು ಡಾಕ್ಟರಮ್ಮ. ನನ್ನ ಮೊಕದ್ದಮೆ ಸ್ವಲ್ಪ ಅಲುಗಾಡಿತು. ಹೆಂಡತಿ ಊದಿದಳು, ಅದೂ ಸರಿಯಾಗಿತ್ತು. ಇನ್ನು ಮಾದರಿ ಶ್ವಾಸ ಹೇಗಿರುತ್ತದೆಂದು ಲೋಕಕ್ಕೆ ತೋರಿಸೋಣವೆಂದು ನಾನು ಮುಂದೆ ಬಂದೆ. ಎದೆ ಉಬ್ಬಿಸಿದೆ. ಕಣ್ಣು ಮುಚ್ಚಿ, ಇದ್ದಬದ್ದ ಶಕ್ತಿಯೆಲ್ಲ ಸೇರಿಸಿ ಊದಿದೆ.

ಕಣ್ಣು ತೆರೆದಾಗ ಮುಳ್ಳು ಅತ್ತೆಯವರ ಗುರುತಿಗಿಂತ ಹಿಂದೆಯೇ ನಿಂತಿತ್ತು.

ಕೊಳವೆ ಕೆಟ್ಟಿದೆ ಎಂದೆ. ಅತ್ತೆ ಇನ್ನೊಮ್ಮೆ ಊದಿ ಅದು ಸರಿಯಾಗಿದೆಯೆಂದು ತೋರಿಸಿದರು. ನಾನು ಮತ್ತೆ ಊದಿದೆ, ಮಗದೊಮ್ಮೆ ಊದಿದೆ. ಕೊನೆಗೆ ಕೆಮ್ಮು ಒತ್ತರಿಸಿ ಬಂದು ಗೋಡೆ ಹಿಡಿದುಕೊಂಡೆ. ಡಾಕ್ಟರಮ್ಮ ನನ್ನ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಆಲಿಸಿ, "ಇವರಿಗೆ ಚಿಕ್ಕಂದಿನಲ್ಲಿ ಉಬ್ಬಸ ಇತ್ತಾ ಅಮ್ಮಾ?" ಎಂದು ನನ್ನ ಅಮ್ಮನನ್ನು ಕೇಳಿದರು.

ಅಮ್ಮ ಫ್ಯಾನ್ ನೋಡಿದರು, ಕಿಟಕಿ ನೋಡಿದರು. ಕೊನೆಗೆ ನೋಡಲು ಏನೂ ಉಳಿಯದೆ ಸೊಸೆಯ ಮುಖ ನೋಡಿದರು.

"ಇತ್ತು. ಮೂರು ವರ್ಷದವರೆಗೂ ಇವನನ್ನ ಎದೆಗೊರಗಿಸ್ಕೊಂಡೇ ಮಲಗಿಸ್ತಿದ್ದೆ. ಆಮೇಲೆ ತಾನಾಗಿ ಹೋಯ್ತು. ಇವನು ಸೀಟಿ ಕಟ್ಕೊಂಡು ಮೇಷ್ಟ್ರಾದ್ಮೇಲೆ ಹೇಳೋದು ಚೆನ್ನಾಗಿರಲ್ಲ ಅನ್ನಿಸ್ತು. ತಪ್ಪಾಯ್ತಮ್ಮ, ಅವತ್ತು ನೀನು ಅಷ್ಟು ಕೊರಗಿದಾಗ್ಲೇ ಹೇಳ್ಬೇಕಿತ್ತು."

ಅಪ್ಪ ಅಮ್ಮಂದಿರಿಗೆ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಹೆಚ್ಚು ಎಂದರು ಡಾಕ್ಟರಮ್ಮ. ಹಾಗಂತ ಈ ಮಗುವಿಗೆ ಇಂಥದ್ದರಿಂದಲೇ ಬಂತು ಎಂದು ಬೊಟ್ಟು ಮಾಡಲು ಬರುವುದಿಲ್ಲ, ಇದರಲ್ಲಿ ಯಾರ ತಪ್ಪೂ ಇಲ್ಲ, ಅಪ್ಪನದೂ ಇಲ್ಲ ಎಂದೂ ಸೇರಿಸಿದರು. ಅಷ್ಟರಲ್ಲಿ ಹೆಂಡತಿಗೆ ನಗು ಶುರುವಾಗಿತ್ತು. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂತು. ಆ ನೀರೆಲ್ಲ ನಗುವಿನದಲ್ಲ ಎಂದು ನನಗೆ ಗೊತ್ತಿತ್ತು, ಹಾಗಾಗಿ ನಾನೂ ಸುಮ್ಮನೆ ನಕ್ಕೆ. ಅತ್ತೆ ಮಾತ್ರ ಉಸಿರೆತ್ತಲಿಲ್ಲ. ಕೊಳವೆಯನ್ನು ಎತ್ತಿಕೊಂಡು, ಸೆರಗಿನಿಂದ ಒರೆಸಿ, ಬಹಳ ಮರ್ಯಾದೆಯಿಂದ ಮೇಜಿನ ಮೇಲಿಟ್ಟರು.

ಆವತ್ತು ಮನೆಗೆ ಎರಡು ಇನ್ಹೇಲರ್ ಬಂದವು, ಪುಟ್ಟದೊಂದು, ದೊಡ್ಡದೊಂದು. ಈಗ ಅರ್ಜೆಂಟಮ್ಮ ಓಡುತ್ತಾಳೆ. ಸುಂಯ್ ಶಬ್ದ ಹತ್ತಿರಕ್ಕೂ ಸುಳಿಯುವುದಿಲ್ಲ. ನನ್ನ ಸೀಟಿ ಅವಳ ಕೊರಳಿಗೆ ವರ್ಗವಾಗಿದೆ. ದಿನಾ ಬೆಳಿಗ್ಗೆ ಹೊಲಿಗೆ ಯಂತ್ರದ ಪಕ್ಕ ನನ್ನನ್ನು ನಿಲ್ಲಿಸಿ ತರಗತಿ ನಡೆಸುತ್ತಾಳೆ.

"ಅಪ್ಪಾ, ನೆಟ್ಟಗೆ ನಿಂತ್ಕೋ. ಉಸಿರು ಪೂರ್ತಿ ಬಿಡು. ಈಗ ಒತ್ತು, ನಿಧಾನಕ್ಕೆ ಎಳಿ. ಹತ್ತು ಎಣಿಸೋವರೆಗೂ ಹಿಡ್ಕೋ."

ನಿನ್ನೆ ನಾನು ಎಂಟಕ್ಕೇ ಉಸಿರು ಬಿಟ್ಟೆ. ಹೆಂಡತಿ ಸೂಜಿ ಕಚ್ಚಿಕೊಂಡೇ ನಕ್ಕಳು. ಅರ್ಜೆಂಟಮ್ಮ ಎದೆ ತುಂಬ ಗಾಳಿ ಎಳೆದುಕೊಂಡು ಸೀಟಿ ಊದಿದಳು.

ಆಚೆ ರಸ್ತೆಯಲ್ಲಿ ಅದೇ ಬಸ್ಸು ಗಕ್ಕನೆ ನಿಂತಿತು. ನಾನು ಖುಷಿ ತಡೆಯಲಾರದೆ ಬಾಗಿಲಿಗೆ ಓಡಿದೆ. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, ಎಂದಿನಂತೆ ನನ್ನನ್ನೇ ಬೈದ.