ದೇಶವನ್ನೇ ಸರಿಸಿದ ಗಡಿಪಾರು

ಬಹಳ ಹಿಂದೆ ಎಂದರೆ ಕಥೆಗೆ ಒಂದು ಕಳೆ ಬರುತ್ತದೆ. ಆದ್ದರಿಂದ ಬಹಳ ಹಿಂದೆ ಚಂಪಕಾವತಿ ಎಂಬ ಒಂದು ರಾಜ್ಯವಿತ್ತು. ಅದನ್ನು ಆಳುತ್ತಿದ್ದವರು ಶ್ರೀಮನ್ಮಹಾರಾಜ ಉತ್ತುಂಗವರ್ಮ ಪ್ರಭುಗಳು. ಅಲ್ಲಿ ರಾಜಕೀಯ ಚಿಂತಕನೆಂದು ಇದ್ದವನು ಒಬ್ಬನೇ. ಆ ಬಡಪಾಯಿ ನಾನೇ.

ನನ್ನ ಅಪರಾಧ ದೊಡ್ಡದೇನಲ್ಲ. ಪ್ರಭುಗಳೂ ಒಮ್ಮೊಮ್ಮೆ ತಪ್ಪು ಮಾಡಬಹುದು ಎಂದು ಪತ್ರಿಕೆಯಲ್ಲಿ ಒಂದು ಲೇಖನ ಬರೆದೆ. ಅದು ಸುಳ್ಳೆಂದು ಸಾಧಿಸಲು ಪ್ರಭುಗಳು ನನ್ನನ್ನು ಸೆರೆಮನೆಗೆ ಹಾಕಿಸಿದರು.

ಸೆರೆವಾಸದಲ್ಲಿ ಮುದ್ದೆ ಕಲ್ಲು, ಸಾರು ನೀರು, ಸೊಳ್ಳೆ ಮಾತ್ರ ಸಮೃದ್ಧಿ. ಮಧ್ಯಾಹ್ನ ಕಾವಲುಗಾರರು ನನ್ನ ಸುತ್ತ ಬಂದು ಕೂರುತ್ತಿದ್ದರು. ನಾನು ರಾಜಾಜ್ಞೆಗಳನ್ನು ಒಂದಕ್ಷರವೂ ಬದಲಿಸದೆ ಓದುತ್ತಿದ್ದೆ, ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆದರೂ ಸುಳ್ಳೇಕೆ, ಮನೆಯ ನೆನಪು ತುಂಬ ಕಾಡುತ್ತಿತ್ತು. ನನ್ನ ಜಗಲಿಯ ಮೇಲೆ ಕೂತು ಒಂದು ಲೋಟ ಕಾಫಿ ಕುಡಿದರೆ ಸಾಕು ಎನಿಸುತ್ತಿತ್ತು.

ನಗು ಅರಮನೆಗೆ ಕೇಳಿಸಿತು. "ಅವನನ್ನು ಗಡಿಪಾರು ಮಾಡಿ!" ಎಂದರು ಪ್ರಭುಗಳು. ನೆರೆಯ ಮೂರು ರಾಜ್ಯಗಳಿಗೂ ಪತ್ರ ಹೋಯಿತು. ಮೂರು ಕಡೆಯಿಂದಲೂ ಒಂದೇ ಉತ್ತರ: ನಮ್ಮಲ್ಲಿರುವ ಚಿಂತಕರನ್ನೇ ಸಂಭಾಳಿಸಲು ಆಗುತ್ತಿಲ್ಲ, ಕ್ಷಮಿಸಿ.

ಆಗ ಭೂಮಾಪನ ಮಂತ್ರಿ ದುಂದುಭಿರಾಯರು ಎದ್ದು ಕೈಮುಗಿದರು.

"ಪ್ರಭೂ, ಅವನು ದೇಶ ಬಿಟ್ಟು ಹೋಗಲಾಗದಿದ್ದರೆ ದೇಶವೇ ಅವನನ್ನು ಬಿಟ್ಟು ಬರಲಿ. ಅವನ ಮನೆ ಹೇಗೂ ಊರಂಚಿನ ಬೀದಿಯಲ್ಲಿದೆ. ಗಡಿಕಲ್ಲನ್ನು ಆ ಬೀದಿಯಿಂದ ಈಚೆಗೆ ಸರಿಸಿದರಾಯಿತು."

"ಇಂಥ ಐಡಿಯಾ ನಮಗೇ ಹೊಳೆಯಬೇಕಿತ್ತಲ್ಲ!"

"ತಮಗೇ ಹೊಳೆದದ್ದು ಪ್ರಭೂ. ನನ್ನ ಬಾಯಿ ಸ್ವಲ್ಪ ಮುಂದಾಯಿತು, ಅಷ್ಟೆ."

ಮರುದಿನವೇ ಸರ್ವೆಯವರು ಸರಪಳಿ ಹಿಡಿದು ಬಂದರು. ಊಟದ ಹೊತ್ತಿಗೆಲ್ಲ ನಮ್ಮ ಬೀದಿ ಪರದೇಶವಾಗಿತ್ತು. ಸಿಪಾಯಿಗಳು ವಾದ್ಯ ಸಮೇತ ನನ್ನನ್ನು ಕರೆತಂದು ನನ್ನದೇ ಜಗಲಿಯ ಮೇಲೆ ಗಡಿಪಾರು ಮಾಡಿ ಹೋದರು. ಕಾಫಿ ಕುಡಿದೆ. ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು.

ಅತ್ತ ಪ್ರಭುಗಳಿಗೆ ವಜ್ರದ ಕಿರೀಟ ತೊಡಿಸಿ 'ಸ್ವರಾಜ್ಯ ಸಂಕೋಚನ ಚಕ್ರವರ್ತಿ' ಎಂಬ ಬಿರುದು ಕೊಟ್ಟರು. ರಾಜ್ಯದಲ್ಲಿ ಭಿನ್ನಮತ ಸೊನ್ನೆಗೆ ಇಳಿದಿದೆ ಎಂದು ದುಂದುಭಿರಾಯರು ಅಂಕಿಅಂಶ ಬಿಡುಗಡೆ ಮಾಡಿದರು. ನಾವು ನೀರು ಸೇದುವ ಬಾವಿ ಮಾತ್ರ ರಾಜ್ಯದೊಳಗೇ ಉಳಿದುಬಿಟ್ಟಿತು. ನಮ್ಮ ಬೀದಿಯ ನಲವತ್ತು ಮನೆಯವರೂ ಈಗ ವಿದೇಶಿಯರು. ಕೊಡಕ್ಕೊಂದು ವೀಸಾ, ವೀಸಾಕ್ಕೆ ಎರಡು ಫೋಟೊ.

ಎದುರುಮನೆಯ ಪುಟ್ಟತಾಯಮ್ಮ ಬೆಳಗಿನಿಂದ ಕ್ಯೂ ನಿಂತು, ಮಧ್ಯಾಹ್ನ ಅರ್ಧ ಕೊಡ ನೀರು ಹೊತ್ತು ಬಂದು ನನ್ನ ಜಗಲಿಯ ಮೇಲೆ ಕುಸಿದು ಕೂತರು. ನನಗೆ ನಾಚಿಕೆಯಾಯಿತು.

"ನನ್ನಿಂದ ನಿಮಗೆಲ್ಲ ತೊಂದರೆಯಾಯ್ತು ತಾಯಿ" ಎಂದೆ.

"ಅಯ್ಯೋ, ನಿಮ್ದೇನ್ ತಪ್ಪು ಬುಡಿ ಮೇಷ್ಟ್ರೇ. ಇನ್ನೊಂದು ಲೇಖನ ಬರೀರಿ. ಈ ಸಲ ಬಾವಿಕಟ್ಟೆ ಮ್ಯಾಲೆ ಕುಂತ್ಕಂಡು ಬರೀರಿ. ಬಾವಿನೂ ಗಡಿಪಾರಾಗ್ಲಿ!"

ಬಾವಿಕಟ್ಟೆಗೆ ಹೋಗಲು ನಾನೂ ವೀಸಾಕ್ಕೆ ಅರ್ಜಿ ಹಾಕಿದ್ದೇನೆ. ಭೇಟಿಯ ಉದ್ದೇಶ ಎಂಬಲ್ಲಿ 'ರಾಜದ್ರೋಹ' ಎಂದು ಇದ್ದದ್ದನ್ನೇ ಬರೆದಿದ್ದೇನೆ. ಅರ್ಜಿ ಪರಿಶೀಲನೆಯಲ್ಲಿದೆಯಂತೆ. ಅಲ್ಲಿಯವರೆಗೆ ನನ್ನ ಪಾಲಿನ ನೀರಿಗೂ ಪುಟ್ಟತಾಯಮ್ಮನೇ ಕ್ಯೂ ನಿಲ್ಲುತ್ತಿದ್ದಾರೆ.