ನಡುವಿನ ಚೆಂಡಿಗೆ ಕಡ್ಡಿಯಿಲ್ಲ

ತಂಗಿ: ಕೀಳು ಅಂದೆ ಅಣ್ಣ, ಕೀಳು! ನಡುವಿನ ಎಂಟೂ ಕಡ್ಡಿ ಕೀಳು!

ಬಡಗಿ: ಕಿತ್ತರೆ ನಡುವಿನ ಚೆಂಡು ನಿನ್ನ ಕಾಲ ಮೇಲೆ ಬೀಳುತ್ತೆ. ಇರಲಿ ಬಿಡು. ಗಾಡಿ ಚಕ್ರದ ಹಾಗೆ ಲಕ್ಷಣವಾಗಿದೆ.

ಬಡಗಿಗೆ ಕೀಳಲು ಮನಸ್ಸಿಲ್ಲ. ಮೂರು ದಿನ ಕೂತು ಕಿತ್ತಳೆ ಗಾತ್ರದ ಒಂಬತ್ತು ಮರದ ಚೆಂಡು ಕಡೆದು, ಎಂಟನ್ನು ಸುತ್ತ, ಒಂದನ್ನು ನಡುವೆ ಇಟ್ಟು, ಎಲ್ಲವನ್ನೂ ಕಡ್ಡಿ ಬಡಿದು ಬಿಗಿದಿದ್ದ. ಕೀಲಿಲ್ಲದ ಯಾವ ಸಾಮಾನೂ ಅವನ ಅಂಗಡಿಯ ಹೊಸಲು ದಾಟಿದ್ದಿಲ್ಲ. ಒಡಹುಟ್ಟಿದವಳೋ, ಒಂಬತ್ತು ಬೋರಾನ್ ಪರಮಾಣು ಗುಂಪುಗೂಡಿದರೆ ಹೇಗೆ ನಿಲ್ಲುತ್ತವೆ ಎಂದು ಏಳು ವರ್ಷ ತಲೆ ಚಚ್ಚಿಕೊಂಡವಳು. ಆ ಗುಂಪಿನ ಮಾದರಿಯೇ ಈ ಚಕ್ರ. ಹನ್ನೊಂದಕ್ಕೆ ಅವಳ ಮೌಖಿಕ ಪರೀಕ್ಷೆ. ಗೋಡೆಯ ಗಡಿಯಾರದಲ್ಲಿ ಆಗಲೇ ಒಂಬತ್ತೂವರೆ.

ತಂಗಿ: ಒಂದು ಕಡ್ಡಿ ಅಂದ್ರೆ ಎರಡು ಎಲೆಕ್ಟ್ರಾನ್. ನೀನು ಎಷ್ಟು ಹೊಡೆದಿದ್ದೀಯ?

ಬಡಗಿ: ಸುತ್ತ ಎಂಟು, ನಡುವೆ ಎಂಟು. ತಂಗಿ ಅಂತ ಧಾರಾಳವಾಗೇ ಹೊಡೆದಿದ್ದೀನಿ.

ತಂಗಿ: ನಿನ್ನ ಧಾರಾಳ ಮೂವತ್ತೆರಡಾಯ್ತು. ಇರೋದು ಇಪ್ಪತ್ತೆಂಟೇ. ಒಂದೊಂದು ಬೋರಾನ್‌ಗೆ ಮೂರು, ಮೇಲೆ ಹೊರಗಿಂದ ಬಂದದ್ದೊಂದು.

ಬಡಗಿ: ನಾಲ್ಕೇ ತಾನೇ ವ್ಯತ್ಯಾಸ? ಯಾವನು ಎಣಿಸ್ತಾನೆ?

ತಂಗಿ: ಪರೀಕ್ಷಕರು ಎಣಿಸ್ತಾರೆ! ಹೋದ ಸಲ ಚಿತ್ರದಲ್ಲಿ ಎರಡು ಗೆರೆ ಜಾಸ್ತಿ ಅಂತ ವಾಪಸ್ ಕಳಿಸಲಿಲ್ವಾ? ಈ ಸಲ ಕಳಿಸಿದ್ರೆ ಅಷ್ಟೇ, ಇನ್ನೊಂದು ಅವಕಾಶ ಇಲ್ಲ.

ಬಡಗಿ ಬೆರಳು ಮಡಚಿ ಎಣಿಸಿದ.

ಬಡಗಿ: ಸರಿ, ನಡುವೆ ಎರಡು ಕಡ್ಡಿ ಕಿತ್ತು ಆರು ಉಳಿಸ್ತೀನಿ. ಸರಿಹೋಯ್ತಲ್ಲ?

ತಂಗಿ: ಸುತ್ತ ಇರೋರು ಎಂಟು ಜನ. ಯಾವ ಇಬ್ಬರಿಗೆ ತಪ್ಪಿಸ್ತೀಯ? ಎಂಟೂ ಒಂದೇ ಸಮ.

ಬಡಗಿ: ಹಾಗಾದ್ರೆ ಸುತ್ತಲೂ ಆರೇ ಇಡೋಣ.

ತಂಗಿ: ಆರಿಟ್ರೆ ಜಾಗ ಸಾಲದೆ ನಡುವಿನದು ಮೇಲೆದ್ದು ಕೊಡೆಯಾಗುತ್ತೆ. ಎಂಟಿದ್ರೇನೇ ನೆಟ್ಟಗೆ ಚಪ್ಪಟೆ. ಸುತ್ತಿನ ಎಂಟು ಕಡ್ಡಿಗೆ ಹದಿನಾರು ಹೋಯ್ತು. ಮಿಕ್ಕ ಹನ್ನೆರಡಕ್ಕೆ ಕಡ್ಡಿ ಹೊಡೆಯೋ ಹಾಗೇ ಇಲ್ಲ. ಅವು ಒಂಬತ್ತೂ ಜನರದ್ದು. ಅದರಲ್ಲಿ ಆರು, ಚಕ್ರದ ಮಟ್ಟದಲ್ಲೇ ಹರಡಿಕೊಂಡಿರುತ್ತೆ, ಇನ್ನಾರು ಅದರ ಮೇಲೂ ಕೆಳಗೂ.

ಬಡಗಿ: ಎಲ್ಲರದ್ದು ಅಂದ್ರೆ ಯಾರದ್ದೂ ಅಲ್ಲ ಕಣೇ. ನಮ್ಮ ಬೀದಿ ನಲ್ಲಿ ಎಲ್ಲರದ್ದು. ವರ್ಷದಿಂದ ಸೋರ್ತಿದೆ. ಒಬ್ಬನಾದ್ರೂ ಬಿಗಿ ಮಾಡಿದ್ನಾ?

ತಂಗಿ: ನೀನು ಮಾಡಿದ್ಯಾ?

ಬಡಗಿ: ನನ್ನ ಮಾತು ಬಿಡು. ಬೋರಾನ್ ಮಾತಾಡು.

ತಂಗಿ: ಇಲ್ಲಿ ಎಲ್ಲರದ್ದಾಗಿರೋದಕ್ಕೇ ಬಿಗಿಯಾಗಿರೋದು!

ಬಡಗಿ: ಭಾಷಣಕ್ಕೆ ಚೆಂಡು ನಿಲ್ಲಲ್ಲ, ತಾಯಿ.

ಅವನು ಸ್ಟೂಲಿನ ಮೇಲೆ ಧೊಪ್ಪನೆ ಕುಕ್ಕರಿಸಿ, ಧರಣಿ ಕೂತವನಂತೆ ಕೈ ಕಟ್ಟಿದ.

ಬಡಗಿ: ನಡುವೆ ಕಡ್ಡಿಯಿಲ್ಲದೆ ಭಾರ ಹೊರೋ ಸಾಮಾನು ಒಂದೇ ಒಂದು ತೋರಿಸು. ನೀನು ಹೇಳಿದಂಗೆ ಕೇಳ್ತೀನಿ.

ತಂಗಿ: ನಿನ್ನ ಕುಂಡಿ ಕೆಳಗೆ ಎಷ್ಟು ಕಡ್ಡಿ ಇದೆ?

ಬಡಗಿ ಬಗ್ಗಿ ನೋಡಿದ. ನಾಲ್ಕು ಕಾಲು, ಸುತ್ತ ನಾಲ್ಕು ಪಟ್ಟಿ. ನಡುವೆ ಬರೀ ನೂಲಿನ ಹಗ್ಗದ ಹೆಣಿಗೆ. ಅವನ ಕೈಯ ಕೆಲಸವೇ.

ತಂಗಿ: ಯಾವ ಎಳೆ ನಿನ್ನನ್ನ ಹೊತ್ತಿರೋದು? ಬೆರಳಿಟ್ಟು ತೋರಿಸು.

ಬಡಗಿ: ಇದೇ ಅಂತ ಹೇಗೆ ತೋರಿಸೋದು? ಇಡೀ ಹೆಣಿಗೆ ಹೊರುತ್ತೆ.

ತಂಗಿ: ಇದನ್ನೇ ನಾನು ಬೆಳಗ್ಗೆಯಿಂದ ಬಡ್ಕೊಂಡಿದ್ದು! ಎದ್ದೇಳೀಗ.

ಬಡಗಿ: ಯಾಕೆ?

ತಂಗಿ: ಹಗ್ಗದಂಗಡಿ ಬಾಗಿಲು ತೆಗೆಯೋದು ಹನ್ನೊಂದಕ್ಕೆ.

ಹೆಣಿಗೆಯ ಹಗ್ಗ ಬಿಚ್ಚಿದ್ದೇ ಸ್ಟೂಲು ಬೋಳಾಯಿತು. ಗೊಣಗುತ್ತಲೇ ಬಡಗಿ ನಡುವಿನ ಕಡ್ಡಿಗಳನ್ನು ಕಿತ್ತ. ಹೊರಗಿನ ಎಂಟು ಚೆಂಡುಗಳಿಗೂ ಹಗ್ಗ ಸುತ್ತಿ, ನಡುವಿನ ಚೆಂಡಿನ ಮೇಲಿಂದ, ಕೆಳಗಿಂದ, ಪಕ್ಕದಿಂದ ಹಾಯಿಸಿ ಜಗ್ಗಿ ಬಿಗಿದ. ಅಲ್ಲಾಡಿಸಿದ. ಚೆಂಡು ಮಿಸುಕಲಿಲ್ಲ. ಇನ್ನೊಮ್ಮೆ ಅಲ್ಲಾಡಿಸಿದ, ಬೀಳಲಿ ಎಂಬ ಆಸೆಯಿಂದಲೇ. ಊಹೂಂ.

ಬಡಗಿ: ಕಡ್ಡಿಯಿದ್ದಿದ್ರೆ ನೋಡೋಕೆ ಇನ್ನೂ ಚೆನ್ನಾಗಿರ್ತಿತ್ತು.

ಕೇಳಿಸಿಕೊಳ್ಳಲು ತಂಗಿ ಅಲ್ಲಿರಲಿಲ್ಲ. ಚಕ್ರವನ್ನು ಎದೆಗವುಚಿಕೊಂಡು ಬೀದಿಯ ತಿರುವು ದಾಟಿದ್ದಳು.

ಹನ್ನೊಂದಾಯಿತು, ಹನ್ನೆರಡಾಯಿತು. ಬಡಗಿಗೆ ಕೈ ಓಡದು. ಒಂದೇ ಹಲಗೆಯನ್ನು ಉಜ್ಜಿ ಉಜ್ಜಿ ಕಾಗದ ಮಾಡಿಟ್ಟ. ಹನ್ನೆರಡೂವರೆಗೆ ಫೋನು ಬಡಿದುಕೊಂಡಿತು. ಗಾಬರಿಯಲ್ಲಿ ಅದನ್ನು ಕಿತ್ತುಕೊಂಡು, ಅಭ್ಯಾಸಬಲದಿಂದ ಸ್ಟೂಲಿನ ಮೇಲೆ ಕೂತ.

ಸ್ಟೂಲಿಗೆ ನಡು ಇರಲಿಲ್ಲ. ಕುಂಡಿ ನೆಲ ಮುಟ್ಟಿತು, ಮಂಡಿ ಗದ್ದ ಮುಟ್ಟಿತು.

ತಂಗಿ: ಅಣ್ಣಾ, ಪಾಸ್! ಪಾಸಾದೆ!

ಬಡಗಿ (ಇದ್ದಷ್ಟು ಉಸಿರಿನಲ್ಲಿ): ಕಡ್ಡಿ ಎಣಿಸಿದ್ರಾ?

ತಂಗಿ: ಎರಡೆರಡು ಸಲ! ಆಮೇಲೆ ಒಂದು ಕೊಕ್ಕೆ ಪ್ರಶ್ನೆ ಹಾಕಿದ್ರು. ಈ ಹೆಣಿಗೆ ಬಿಚ್ಚಿದ್ರೆ ನಡುವಿನವನ ಗತಿ ಏನು ಅಂತ.

ಬಡಗಿ: ಅವರನ್ನ ಈಗಲೇ ಇಲ್ಲಿಗೆ ಕರ್ಕೊಂಡು ಬಾ, ತೋರಿಸ್ತೀನಿ. ಬರ್ತಾ ನನ್ನನ್ನ ಎತ್ತೋಕೆ ಇನ್ನಿಬ್ಬರನ್ನೂ ಕರ್ಕೊಂಡು ಬಾ.